ಎದುರು ಗುಡ್ಡದ ದನಿಗಳು

“ಬುದ್ಧಿ, ಈ ನಲವತ್ತು ಮಂದಿಯಲ್ಲಿ ಯಾರ ಮಾತು ಹಿಡಿದು ನಡೆಯಲಿ?” ಎಂದು ಶಿವಮಲ್ಲು ಗುರುಗಳನ್ನು ಕೇಳಿದ.

ಅವನು ಮಠದ ಶಿಷ್ಯ. ಕಾಲೇಜು ಮುಗಿಸಿ ಎರಡು ವರ್ಷವಾಗಿತ್ತು. ಕೈಯಲ್ಲಿ ಮೊಬೈಲ್ ಇತ್ತು. ಆ ನಲವತ್ತು ಮಂದಿ ಅದರೊಳಗಿದ್ದರು. ಒಬ್ಬ ನಸುಕಿನಲ್ಲೇ ಏಳು ಎನ್ನುತ್ತಿದ್ದ. ಒಬ್ಬಳು ನಿನ್ನನ್ನು ನೀನು ನಂಬು ಎನ್ನುತ್ತಿದ್ದಳು. ಇನ್ನೊಬ್ಬ ಕಾರಿನೊಳಗೆ ಕೂತು, ಹೆದರುವವನು ಗೆಲ್ಲುವುದಿಲ್ಲ ಎನ್ನುತ್ತಿದ್ದ.

“ಇವರಲ್ಲಿ ಕೆಟ್ಟದ್ದು ಹೇಳುವವರು ಒಬ್ಬರೂ ಇಲ್ಲ ಬುದ್ಧಿ. ಕೆಟ್ಟ ಬಾಯಿಯವರನ್ನೆಲ್ಲ ನಾನೇ ತೆಗೆದು ಹಾಕಿದ್ದೇನೆ. ಬೆಳಗ್ಗೆ ಕಣ್ಣು ಬಿಟ್ಟರೆ ನನ್ನ ಎದೆ ಡವಡವ ಅನ್ನುತ್ತದೆ. ಯಾಕೆಂದು ಗೊತ್ತಿಲ್ಲ. ಇವರ ದನಿ ಕೇಳಿದರೆ ನಿಲ್ಲುತ್ತದೆ. ಮೊಬೈಲ್ ಕೆಳಗಿಟ್ಟರೆ ಮತ್ತೆ ಶುರು. ಹೆದರಿಕೆಯನ್ನು ಬೇರುಸಹಿತ ಕೀಳುವ ದನಿ ಯಾವುದು, ನೀವೇ ಆರಿಸಿ ಕೊಡಿ.”

ಗುರುಗಳು ಮೊಬೈಲ್ ಮುಟ್ಟಲಿಲ್ಲ. ಕೂರು ಎಂದು ಕೈ ತೋರಿಸಿ, ಈ ಕತೆ ಹೇಳಿದರು.

ಬೆಟ್ಟದ ಸೀಮೆಯಲ್ಲಿ ಒಬ್ಬ ಜೇನು ಕೀಳುವವನಿದ್ದ.

ಜೇನು ಕೀಳುವುದೆಂದರೆ ಹಿತ್ತಲಲ್ಲಿ ಹೀರೇಕಾಯಿ ಕೀಳುವುದಲ್ಲ. ಪೇಟೆಯವರಿಗೆ ಬಾಟಲಿಯ ಜೇನು ಗೊತ್ತು, ಬಂಡೆಯ ಜೇನು ಗೊತ್ತಿಲ್ಲ. ಹೆಜ್ಜೇನು ಕಟ್ಟುವುದು ಕಡಿದಾದ ಬಂಡೆಯ ಹೊಟ್ಟೆಗೆ. ಅದರ ಕೆಳಗೆ ಮೂವತ್ತು ಆಳುದ್ದದ ಕಮರಿ. ಬಂಡೆಯ ನೆತ್ತಿಯಿಂದ ಮೂರೆಳೆಯ ಬಳ್ಳಿಯ ಹಗ್ಗ ಇಳಿಬಿಡಬೇಕು. ಅದನ್ನು ಸೊಂಟಕ್ಕೆ ಬಿಗಿದುಕೊಂಡು, ಒಂದು ಕೈಯಲ್ಲಿ ಹಸಿಸೊಪ್ಪಿನ ಹೊಗೆ, ಇನ್ನೊಂದು ಕೈಯಲ್ಲಿ ಬಿದಿರಿನ ಗಳ ಹಿಡಿದು ಇಳಿಯಬೇಕು. ಪುಕ್ಕಲರು ಆ ಬಂಡೆಯ ನೆರಳಿಗೂ ಹೋಗುತ್ತಿರಲಿಲ್ಲ.

ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ನೆತ್ತಿಯ ಮೇಲೆ ಹಗ್ಗ ಹಿಡಿಯುವವನು ಇಳಿದವನ ಬಾಮೈದನೇ ಆಗಿರಬೇಕು. ಒಡಹುಟ್ಟಿದವನು ಆಗುವುದಿಲ್ಲ, ಅವನಿಗೆ ಮನೆಯಲ್ಲಿ ಪಾಲು ಇರುತ್ತದೆ. ಗೆಳೆಯನೂ ಆಗುವುದಿಲ್ಲ, ಗೆಳೆತನ ಇವತ್ತು ಇದ್ದು ನಾಳೆ ಹೋಗುತ್ತದೆ. ಹಗ್ಗ ಹರಿದರೆ ಬಾಮೈದನ ಅಕ್ಕನ ಬಳೆ ಒಡೆಯುತ್ತದೆ. ಅದಕ್ಕೇ ಅವನ ಕೈ ಮಾತ್ರ ಬೆವರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಅವನು ಇಳಿದವನನ್ನು ಹೊಗಳುವ ಹಾಗೂ ಇರಲಿಲ್ಲ. ಅವನಿಗೆ ಮೂರೇ ಮಾತು. ತಡಿ. ಸಾಕು. ಮೇಲೆ ಬಾ.

ನಮ್ಮ ಜೇನು ಕೀಳುವವನು ಊರಿಗೇ ಗಟ್ಟಿಗ. ಮೀಸೆ ತಿರುವಿಕೊಂಡೇ ಬಂಡೆ ಹತ್ತುತ್ತಿದ್ದ. ಆದರೆ ಅಂಚಿನಿಂದ ಕಾಲು ಇಳಿಬಿಟ್ಟ ಗಳಿಗೆಯಲ್ಲಿ ಅವನ ನಾಲಿಗೆ ಒಣಗುತ್ತಿತ್ತು. ಕಾಲ ಕೆಳಗೆ ಏನೂ ಇಲ್ಲ. ಮೇಲೆ ನೋಡಿದರೆ ಬಂಡೆಯ ಹುಬ್ಬು ಅಡ್ಡ, ಬಾಮೈದ ಕಾಣುವುದಿಲ್ಲ. ಹೆಜ್ಜೇನಿನ ಮೊರೆತ ಕಿವಿಗೆ ಕೇಳುವ ಮೊದಲೇ ಹಲ್ಲಿಗೆ ತಾಗುತ್ತಿತ್ತು. ಇವತ್ತೇ ಕೊನೆಯೋ ಏನೋ ಎಂದು ಒಳಗೊಂದು ದನಿ ಕೇಳುತ್ತಿತ್ತು. ಹದಿನೆಂಟು ವರ್ಷ ಇಳಿದರೂ ಆ ದನಿ ಬಾಯಿ ಮುಚ್ಚಿರಲಿಲ್ಲ. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಮೀಸೆ ಹೊತ್ತವನು ಹೇಳುತ್ತಾನೆಯೇ?

ಒಂದು ವರ್ಷ ಎದುರು ಗುಡ್ಡದ ಮೇಲೆ ಸಂತೆಗೆ ಹೋಗುವ ಹೊಸ ದಾರಿ ಬಿತ್ತು. ದಾರಿಹೋಕರು ಇವನು ನೇತಾಡುವುದನ್ನು ಕಂಡರು. ಮೂಟೆ ಕೆಳಗಿಟ್ಟು ನಿಂತರು. ಒಬ್ಬ ಕೂಗಿದ: “ಭಲೇ! ಹುಲಿ ಕಣೋ ನೀನು!” ಇನ್ನೊಬ್ಬ ಕೂಗಿದ: “ಬಿಡಬೇಡ, ಇನ್ನೊಂದು ಜೇನುಹುಟ್ಟು ಕೀಳು! ನಿನ್ನ ಕೈಲಾಗದ್ದು ಇನ್ಯಾರ ಕೈಲಾಗುತ್ತೆ?” ಕಮರಿ ಆ ಮಾತನ್ನು ಎರಡೆರಡು ಸಲ ತಿರುಗಿ ಹೇಳಿತು.

ಅವತ್ತು ಒಳಗಿನ ದನಿ ಕೇಳಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಕೇಳಲಿಲ್ಲ. ನಾಲ್ಕು ಹುಟ್ಟು ಕೀಳುತ್ತಿದ್ದವನು ಆರು ಕಿತ್ತ. ಏಳನೆಯದಕ್ಕೆ ಗಳ ಚಾಚುವಾಗ ಮೇಲಿಂದ ಹಗ್ಗ ಜಗ್ಗಿತು.

“ಸಾಕು. ಮೇಲೆ ಬಾ.”

ಅವನು ಬುಸುಗುಟ್ಟುತ್ತ ಮೇಲೆ ಬಂದ.

“ಲೇ ಕಡ್ಡಿಪೈಲ್ವಾನ, ನಿನ್ನ ಬಾಯಲ್ಲಿ ಒಂದು ಒಳ್ಳೇ ಮಾತು ಹುಟ್ಟೋದೇ ಇಲ್ವೇನೋ? ಗುರುತು ಪರಿಚಯ ಇಲ್ಲದ ಜನ ನನ್ನನ್ನ ಹುಲಿ ಅಂತಾರೆ. ನೀನು ನನ್ನನ್ನ ಕರು ಎಳೆದಂಗೆ ಎಳೀತೀಯ.”

“ಹಗ್ಗ ಬಿಸಿಯಾಗಿತ್ತು ಬಾವ,” ಎಂದ ಬಾಮೈದ.

“ಹಗ್ಗ ಬಿಸಿಯಾಗಿರಲಿಲ್ಲ ಕಣೋ, ನಿನಗೆ ಪುಕ್ಕಲು.”

“ಪುಕ್ಕಲೇ ಬಾವ. ನೀನು ಇಳಿದ ಮೇಲೆ ನನಗೆ ಉಗುಳು ನುಂಗೋಕೂ ಆಗಲ್ಲ. ಹೊಗಳೋದು ಹೆಂಗೆ?”

ಜೇನು ಕೀಳುವವನು ನಕ್ಕ. ಆದರೆ ಆ ರಾತ್ರಿಯಿಂದ ಅವನಿಗೆ ಬಾಮೈದನ ಮುಖ ಕಂಡರೆ ಆಗುತ್ತಿರಲಿಲ್ಲ. ತನ್ನ ಹೆದರಿಕೆಯೇ ಎದ್ದು ಬಂದು ಬಾಮೈದನ ಮುಖ ಹೊತ್ತು ಕೂತಂತೆ ಕಾಣುತ್ತಿತ್ತು. ಆ ಮುಖ ಇನ್ನು ಬಂಡೆಯ ಮೇಲೆ ಬೇಡ ಎಂದು ಅವನು ತೀರ್ಮಾನಿಸಿದ.

ಅವನೇನು ದಡ್ಡನಲ್ಲ. ಸಿಕ್ಕವರನ್ನು ಕರೆದು ಹಗ್ಗ ಕೊಡಲಿಲ್ಲ. ಮೂರು ಸಂತೆಯ ದಿನ ಎದುರು ಗುಡ್ಡಕ್ಕೆ ಹೋಗಿ ಕೂತು, ಒಂದೊಂದು ದನಿಯನ್ನೂ ಕೇಳಿ ನೋಡಿದ. ಒಬ್ಬನದು ಭಾರಿ ಗಂಟಲು, ಆದರೆ ಮಾತಿಗೊಂದು ಬೈಗುಳ. ಒಬ್ಬ ಹೊಗಳಿ ಪಕ್ಕದವನಿಗೆ ಕಣ್ಣು ಹೊಡೆಯುತ್ತಿದ್ದ. ಕೊನೆಗೆ ಒಬ್ಬ ಮಾತುಗಾರ ಸಿಕ್ಕಿದ. ಅವನ ದನಿಯಲ್ಲಿ ಒಂದು ಹುಳುಕೂ ಇರಲಿಲ್ಲ. ದಾರಿಯಲ್ಲಿ ಕುಂಟುವ ಎತ್ತಿಗೂ ಅವನು ಧೈರ್ಯ ಹೇಳುತ್ತಿದ್ದ. ಎತ್ತೂ ನಾಲ್ಕು ಹೆಜ್ಜೆ ಚುರುಕಾಗಿ ಇಡುತ್ತಿತ್ತು.

“ನನ್ನ ಹಗ್ಗಕ್ಕೆ ನೀನು ಬರಬೇಕು,” ಎಂದ ಜೇನು ಕೀಳುವವನು.

“ನಿನ್ನಂಥವನ ಜೊತೆ ನಿಲ್ಲೋದೇ ನನ್ನ ಭಾಗ್ಯ,” ಎಂದ ಮಾತುಗಾರ. ಅದು ಸುಳ್ಳಲ್ಲ, ಅವನಿಗೆ ಹಾಗೇ ಅನ್ನಿಸಿತ್ತು.

ಇಳಿಯುವ ದಿನ ಹೆಂಡತಿ ಹೊಸಿಲಿಗೆ ಅಡ್ಡ ನಿಂತಳು. ಅವನು ಪಕ್ಕಕ್ಕೆ ಸರಿಸಿ ಹೊರಟ. ಬೇಲಿಯ ಹತ್ತಿರ ಬಾಮೈದ ಕಾದಿದ್ದ.

“ಬಾವ, ಒಂದು ಮಾತು ಅವನಿಗೆ ಹೇಳಿಬಿಡು. ಹತ್ತು ಉಸಿರಿಗೊಂದು ಸಲ ಹಗ್ಗವನ್ನ ಒಂದು ಬೆರಳಷ್ಟು ಸರಿಸಬೇಕು. ಒಂದೇ ಜಾಗ ಕಲ್ಲಿಗೆ ಉಜ್ಜಬಾರದು.”

ಜೇನು ಕೀಳುವವನಿಗೆ ಇದು ಹೊಸದು. ನೇತಾಡುವವನಿಗೆ ಹಗ್ಗದ ಕೆಳತುದಿ ಮಾತ್ರ ಗೊತ್ತು. ಹದಿನೆಂಟು ವರ್ಷ ಮೇಲೆ ಒಬ್ಬ ಉಸಿರು ಎಣಿಸುತ್ತ ಕೂತಿದ್ದನೆಂದು ಅವನಿಗೆ ಯಾರು ಹೇಳಬೇಕು?

“ಅವನು ಲೋಕ ಕಂಡವನು ಕಣೋ. ಅವನಿಗೆ ನಾವು ಹಗ್ಗದ ಪಾಠ ಹೇಳೋದಾ?” ಎಂದು ನಡೆದುಬಿಟ್ಟ.

ನೆತ್ತಿಯ ಮೇಲೆ ಮಾತುಗಾರ ಹಗ್ಗವನ್ನು ನೇರಳೆ ಮರಕ್ಕೆ ಕಟ್ಟಿದ. ಗಂಟು ಬಿಗಿಯಾಗಿಯೇ ಇತ್ತು. ಅವನಿಗೆ ಎರಡು ಕೈಯೂ ಬೇಕಾಗಿತ್ತು, ಚಪ್ಪಾಳೆ ತಟ್ಟಬೇಕಲ್ಲ. ಆಮೇಲೆ ಅಂಚಿಗೆ ಬಂದು ನಿಂತು ದನಿ ಎತ್ತಿದ. ಎದುರು ಗುಡ್ಡ ತುಂಬಿತ್ತು. ಅವರೂ ದನಿಗೂಡಿಸಿದರು.

ಅವನು ಇಳಿದ. ನಾಲಿಗೆ ಒಣಗಲಿಲ್ಲ. ಮೊರೆತ ಹಲ್ಲಿಗೆ ತಾಗಲಿಲ್ಲ. ಕೆಳಗೆ ಕಮರಿ ಇದೆ ಎಂಬುದೇ ಮರೆತುಹೋಯಿತು. ನಾಲ್ಕು ಹುಟ್ಟು ಕಿತ್ತ, ಆರು ಕಿತ್ತ, ಎಂಟು ಕಿತ್ತ. ಒಂಬತ್ತನೆಯದು ದೂರದಲ್ಲಿತ್ತು. ಕಾಲಿನಿಂದ ಬಂಡೆಯನ್ನು ಒದ್ದು ತೂಗಾಡುತ್ತ ಅದರತ್ತ ಹೋದ. ಒಂದು ಸಲ ಸಿಗಲಿಲ್ಲ. ಮತ್ತೆ ಒದ್ದ.

ಹೆಗಲ ಮೇಲೆ ಏನೋ ಉದುರಿತು. ರಾಗಿಹಿಟ್ಟಿನಂಥ ಪುಡಿ. ಬೆರಳಿಗೆ ತೆಗೆದುಕೊಂಡು ನೋಡಿದ. ಬಳ್ಳಿಯ ನಾರು.

ಮೇಲೆ ಟಪ್ ಎಂದಿತು. ಒಂದು ಎಳೆ.

ಅಷ್ಟು ಹೊತ್ತು ಬಾರದಿದ್ದ ಹೆದರಿಕೆಯೆಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತಿತು.

“ಹಗ್ಗ! ಹಗ್ಗ ನೋಡು!” ಎಂದು ಕೂಗಿದ.

“ಹೆದರಬೇಡ!” ಮೇಲಿನ ದನಿ ಇಂಪಾಗಿ ಬಂತು. “ಹೆದರಿಕೆ ಇರೋದು ಬರೀ ಮನಸ್ಸಿನಲ್ಲಿ! ಕೆಳಗೆ ನೋಡಬೇಡ, ಗುರಿ ನೋಡು! ನೀನು ಹುಲಿ!”

“ಹುಲಿ! ಹುಲಿ!” ಎಂದಿತು ಎದುರು ಗುಡ್ಡ.

ಅವನು ಮತ್ತೆ ಕೂಗಿದ. ಜನ ಅದನ್ನು ಗೆಲುವಿನ ಕೂಗು ಎಂದುಕೊಂಡರು. ತಟ್ಟುವ ಕೈಗಳು ಇನ್ನೂ ಜೋರಾದವು. ಹೊಗೆಯ ಕಂತೆ ಅವನ ಕೈಯಿಂದ ಜಾರಿತು. ಅದು ಕೆಳಗೆ ತಲುಪುವುದನ್ನು ಅವನು ಕಂಡ. ತುಂಬ ಹೊತ್ತು ಹಿಡಿಯಿತು. ಹೊಗೆ ಹೋದ ಮೇಲೆ ಹುಳುಗಳು ಹತ್ತಿರ ಬಂದವು. ಅವನು ಕಣ್ಣು ಮುಚ್ಚಿಕೊಂಡು ಕಿವಿಗೊಟ್ಟ. ತಡಿ. ಸಾಕು. ಮೇಲೆ ಬಾ. ಮೂರರಲ್ಲಿ ಒಂದಾದರೂ ಬಂದೀತೆಂದು ಕಾದ. ನೂರು ಬಾಯಿ ನೂರು ಒಳ್ಳೆಯ ಮಾತು ಹೇಳುತ್ತಿದ್ದವು. ಆ ಮೂರು ಮಾತ್ರ ಯಾರ ಬಾಯಲ್ಲೂ ಇರಲಿಲ್ಲ.

ಎರಡನೆಯ ಎಳೆ ಹರಿದದ್ದು ಅವನಿಗೆ ಕೇಳಿತು. ಮೂರನೆಯದು ಕೇಳಲಿಲ್ಲ. ಚಪ್ಪಾಳೆ ಅಷ್ಟು ಜೋರಾಗಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. “ಆಮೇಲೆ?” ಎಂದ ಶಿವಮಲ್ಲು.

“ಎದುರು ಗುಡ್ಡದಲ್ಲಿ ಚಪ್ಪಾಳೆ ನಿಂತಿತು. ಕೆಲವರು ಅಯ್ಯೋ ಎಂದರು. ಮಾತುಗಾರ ನಿಜವಾಗಿಯೇ ಅತ್ತ, ಅವನು ಕೆಟ್ಟವನಲ್ಲ. ಆಮೇಲೆ ಸಂತೆಗೆ ಹೊತ್ತಾಯಿತೆಂದು ಎಲ್ಲರೂ ಮೂಟೆ ಎತ್ತಿಕೊಂಡರು. ಕಮರಿಗೆ ಇಳಿದು ಹೆಣ ಹೊತ್ತು ತಂದವನು ಬಾಮೈದ ಒಬ್ಬನೇ.”

ಶಿವಮಲ್ಲು ಗುರುಗಳ ಪಾದ ಮುಟ್ಟಿ, “ತಿಳೀತು ಬುದ್ಧಿ. ಆ ನಲವತ್ತನ್ನೂ ಈಗಲೇ ಅಳಿಸಿ ಹಾಕುತ್ತೇನೆ. ಇನ್ನು ಮೇಲೆ ನಿಮ್ಮೊಬ್ಬರ ಮಾತೇ ನನಗೆ ಸಾಕು,” ಎಂದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು: “ನಾನೂ ಎದುರು ಗುಡ್ಡದವನೇ. ನೀನು ಬಿದ್ದ ದಿನವೂ ಈ ಮಠದ ದಾಸೋಹದ ಒಲೆ ಎಂದಿನಂತೆ ಹೊತ್ತುತ್ತದೆ, ಮಗು.”