ದೀಪ ಆರದ ಬಾವಿ

"ಏನೂ ಇಲ್ಲದ್ದಕ್ಕೆ ಹೆದರುವವನಿಗೆ ಏನೂ ಇಲ್ಲವೆಂದು ಹೇಗೆ ತಿಳಿಸಬೇಕು ಗುರುಗಳೇ?" ಎಂದು ಶಿಷ್ಯ ಮರಿದೇವ ಕೇಳಿದ.

ಮಠದಲ್ಲಿ ಅವನ ಜೊತೆ ಓದುತ್ತಿದ್ದ ಗೆಳೆಯನೊಬ್ಬ ಏಳು ದಿನದಿಂದ ಕೋಣೆ ಬಿಟ್ಟು ಬಂದಿರಲಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ಏನೋ ಕೆಟ್ಟದ್ದಾಗುತ್ತದೆ ಅನ್ನಿಸುತ್ತದೆ ಎನ್ನುತ್ತಿದ್ದ. ಮರಿದೇವ ವೈದ್ಯರನ್ನು ಕರೆತಂದು ನಾಡಿ ಹಿಡಿಸಿದ್ದ. ಗೆಳೆಯನ ಊರಲ್ಲಿ ಎಲ್ಲರೂ ಕ್ಷೇಮವೆಂದು ವಿಚಾರಿಸಿ ತಿಳಿಸಿದ್ದ. ಮಂಚದ ಕೆಳಗೂ ಗುಡಿಸಿ ತೋರಿಸಿದ್ದ. ಏಳು ದಿನವೂ ಏನೂ ಇಲ್ಲವೆಂದೇ ಹೇಳಿ ಬಂದಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಬಾವಿ ತೋಡುವವರ ಒಂದು ತಂಡವಿತ್ತಪ್ಪ. ಐದು ಜನ. ದ್ಯಾಮಣ್ಣ ಎಂಬವನು ಕೆಳಗಿಳಿದು ಅಗೆಯುವವನು. ಅವನ ಹೆಂಡತಿಯ ತಮ್ಮ ಸಣ್ಣೀರ ಮೇಲೆ ಹಗ್ಗ ಹಿಡಿಯುವವನು. ಉಳಿದ ಮೂವರು ಮಣ್ಣು ಹೊರುವವರು. ಬಾವಿ ಆಳವಾದಂತೆ ತಳದಲ್ಲಿ ಕೆಟ್ಟ ಗಾಳಿ ನಿಲ್ಲುವುದುಂಟು. ಅದಕ್ಕೇ ಅವರಲ್ಲಿ ಒಂದು ಕಟ್ಟಳೆ. ಬೆಳಿಗ್ಗೆ ಮೊದಲು ಬುಟ್ಟಿಯಲ್ಲಿ ದೀಪವಿಟ್ಟು ಇಳಿಸಬೇಕು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಉರಿದರೆ ಇಳಿಯಬಹುದು, ಇಳಿದ ಮೇಲೂ ದೀಪ ಅಲ್ಲೇ ತೂಗುತ್ತಿರಬೇಕು. ದೀಪ ಹೇಳಿದ ಮೇಲೆ ಮುಗಿಯಿತು, ಎರಡನೆಯ ಮಾತಿಲ್ಲ. ಹನ್ನೆರಡು ವರ್ಷ ದ್ಯಾಮಣ್ಣನ ಜೀವ ಕಾದದ್ದೂ ಅದೇ.

ಒಂದು ಬೆಳಿಗ್ಗೆ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ದ್ಯಾಮಣ್ಣ ಮೂರಾಳು ಆಳಕ್ಕೆ ಇಳಿದಿದ್ದ. ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡಿತು. ಕೈ ಜೋಮು ಹಿಡಿಯಿತು. ಈಗ ಸತ್ತೆ ಅನ್ನಿಸಿತು. ಸೊಂಟಕ್ಕೆ ಕಟ್ಟಿದ್ದ ಹಗ್ಗವನ್ನು ಎರಡು ಸಲ ಜಗ್ಗಿದ, ಮೇಲೆಳೆದರು. ಕೆಳಗೆ ಉಸಿರಾಡಲು ಗಾಳಿಯೇ ಇಲ್ಲ ಎಂದ. ಅವರು ಏನು ಮಾಡಿಯಾರು? ದೀಪ ಇಳಿಸಿದರು. ಉರಿಯಿತು. ಇನ್ನೊಂದು ಸಲ ಇಳಿಸಿದರು. ಆಗಲೂ ಉರಿಯಿತು. ಬೇಕಾದರೆ ನೀನೇ ಬಗ್ಗಿ ನೋಡಯ್ಯಾ ಎಂದರು.

ಮಾರನೆಯ ದಿನವೂ ಹಾಗೇ ಆಯಿತು. ಆಮೇಲೆ ಬುದ್ಧಿ ಹೇಳುವವರಿಗೇನು ಬರ? ಹೆಂಡತಿ ಹರಕೆ ಹೊತ್ತಳು. ಒಬ್ಬ ತಾಯಿತ ತಂದ. ಇನ್ನೊಬ್ಬ ಮನಸ್ಸು ಗಟ್ಟಿ ಮಾಡಿಕೋ ಎಂದ, ಮನಸ್ಸೇನು ಕಲಸಿಟ್ಟ ಗಾರೆಯೋ ಎಂಬಂತೆ. ಸಣ್ಣೀರ ಎಲ್ಲರಿಗಿಂತ ಹೆಚ್ಚು ನಕ್ಕ. ನಮ್ಮಕ್ಕನ ಕೈಯಡುಗೆ ಮೈಗೆ ಹತ್ತಿ ಭಾವನಿಗೆ ಕೆಲಸ ಬೇಡವಾಗಿದೆ ಎಂದು ಛೇಡಿಸಿದ.

ದ್ಯಾಮಣ್ಣ ಸಿಟ್ಟಾಗಲಿಲ್ಲ. ಅವನೂ ದೀಪವನ್ನೇ ನಂಬಿ ಬದುಕಿದವನಲ್ಲವೇ? ದೀಪ ಸುಳ್ಳು ಹೇಳದು, ಅಂದಮೇಲೆ ಸುಳ್ಳ ನಾನೇ ಎಂದು ತೀರ್ಮಾನಿಸಿಬಿಟ್ಟ. ಆ ನಾಚಿಕೆ ಅವನನ್ನು ತಿಂದುಹಾಕಿತು. ಇಳಿಯದವನನ್ನು ತಂಡದಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಬೇರೊಬ್ಬನನ್ನು ನೋಡೋಣ ಎಂಬ ಮಾತು ಆಗಲೇ ಎದ್ದಿತ್ತು. ಇನ್ನು ಏನೇ ಆಗಲಿ ಹಗ್ಗ ಜಗ್ಗುವುದಿಲ್ಲ ಎಂದುಕೊಂಡು ಐದನೆಯ ದಿನ ಇಳಿದ.

ತಳದಲ್ಲಿ ಮೊಣಕಾಲುದ್ದ ಒಸರು ನೀರಿತ್ತು. ಕಾಲು ನೀರಿಗೆ ತಾಗುತ್ತಲೇ ಎದೆ ಹಿಡಿಯಿತು. ಜಗ್ಗಲಿಲ್ಲ. ಗುದ್ದಲಿ ಜಾರಿತು. ಗೋಡೆಗೆ ಒರಗಿದವನು ಮೆಲ್ಲಗೆ ಕುಸಿದ, ನೀರು ಎದೆಗೆ ಬಂತು. ಜಗ್ಗಬೇಕೆಂದರೂ ಆಗ ಕೈ ಏಳಲಿಲ್ಲ. ಮೇಲಿನ ಮೂವರು ಬಗ್ಗಿ ನೋಡಿದರು. ಕತ್ತಲಲ್ಲಿ ಅವನು ಸರಿಯಾಗಿ ಕಾಣಲಿಲ್ಲ, ದೀಪ ನೆಟ್ಟಗೆ ಉರಿಯುತ್ತಿದ್ದದ್ದು ಕಂಡಿತು. ಕೂತು ಸುಧಾರಿಸಿಕೊಳ್ಳುತ್ತಿದ್ದಾನೆ ಬಿಡು ಎಂದರು.

ಹಗ್ಗ ಹಿಡಿಯುವವನು ಬಾವಿಗೆ ಬೆನ್ನು ಮಾಡಿ, ಹಗ್ಗವನ್ನು ಹೆಗಲ ಮೇಲೆ ಹೊತ್ತು ನಿಲ್ಲಬೇಕು. ಇಲ್ಲದಿದ್ದರೆ ಭಾರ ತಡೆಯಲಾಗದು. ಹಾಗಾಗಿ ಸಣ್ಣೀರನಿಗೆ ದೀಪ ಕಾಣುತ್ತಿರಲಿಲ್ಲ. ಅವನು ಯಾರನ್ನೂ ಕೇಳದೆ ಎಳೆಯತೊಡಗಿದ. ಉಳಿದವರು ತಡೆದರು. ಅವನು ಜಗ್ಗಲೇ ಇಲ್ಲವಲ್ಲೋ, ದೀಪವೂ ಉರಿಯುತ್ತಿದೆ ಎಂದರು.

"ಉರಿಯಲಿ. ನನ್ನ ಹೆಗಲ ಮೇಲೆ ಹಗ್ಗ ನಡುಗ್ತಾ ಇದೆ" ಎಂದ ಸಣ್ಣೀರ.

ಮೇಲೆ ಬಂದ ದ್ಯಾಮಣ್ಣ ಬಾವಿಯ ದಂಡೆಯಲ್ಲೇ ಕೂತುಬಿಟ್ಟ. ಮೂವರಲ್ಲಿ ಒಬ್ಬ ಮತ್ತೆ ದೀಪ ಇಳಿಸಲು ಹೋದ. ಸಣ್ಣೀರ ಬೇಡವೆಂದ. ನಕ್ಕದ್ದಕ್ಕೆ ಅವನಿಗೆ ತುಂಬ ಕೆಟ್ಟದೆನಿಸಿತ್ತು. ಭಾವನ ಸೊಂಟದ ಹಗ್ಗ ಬಿಚ್ಚದೆ, ನಡುಕ ನಿಲ್ಲುವವರೆಗೂ ಅದನ್ನು ಹಿಡಿದುಕೊಂಡು ಪಕ್ಕದಲ್ಲಿ ಕೂತ. ತಾನು ಸುಳ್ಳನಲ್ಲ ಎಂದು ದ್ಯಾಮಣ್ಣನಿಗೆ ಅಷ್ಟು ದಿನದಲ್ಲಿ ಮೊದಲ ಸಲ ಅನ್ನಿಸಿತು, ಅತ್ತುಬಿಟ್ಟ. ಅಂದಿನಿಂದ ಆ ತಂಡದವರು ದೀಪ ನೋಡಿದ ಮೇಲೆ ಇಳಿಯುವವನನ್ನೂ ಒಂದು ಮಾತು ಕೇಳುತ್ತಿದ್ದರು. ಇವತ್ತು ಆಗದು ಎಂದು ದ್ಯಾಮಣ್ಣ ಹೇಳಿದ ದಿನ ಸಣ್ಣೀರ ಇಳಿಯುತ್ತಿದ್ದ, ದ್ಯಾಮಣ್ಣ ಹಗ್ಗ ಹಿಡಿಯುತ್ತಿದ್ದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಆಮೇಲೆ ದ್ಯಾಮಣ್ಣನ ಹೆದರಿಕೆ ಹೋಯಿತೇ ಎಂದು ಮರಿದೇವ ಕೇಳಿದ. ಕೆಲವು ದಿನ ಬರುತ್ತಿತ್ತು, ಕೆಲವು ದಿನ ಇಲ್ಲ ಎಂದರು ಗುರುಗಳು. ಹಾಗಾದರೆ ನಾನೀಗ ಹೋಗಿ ಗೆಳೆಯನಿಗೆ ಏನು ಹೇಳಲಿ ಎಂದು ಅವನು ಮತ್ತೆ ಕೇಳಿದ.

"ಏಳು ದಿನ ದೀಪ ಇಳಿಸಿ ನೋಡಿದೆಯಲ್ಲ ಮರಿದೇವ, ಹಗ್ಗ ಯಾರ ಹೆಗಲ ಮೇಲಿದೆ?"