ಕುರೊನುಮಾ ದೊರೆಯ ಬಲಗೈ

"ನನ್ನ ಮೂರು ಒಗಟು ಒಡೆದವನಿಗೆ ಮಗಳು ಇತ್ಸುವನ್ನೂ ಅರ್ಧ ಸೀಮೆಯನ್ನೂ ಕೊಡಲಾಗುವುದು. ತಪ್ಪಿದವನ ತಲೆ ಕೋಟೆಯಲ್ಲೇ ಉಳಿಯುವುದು."

ಜಪಾನಿನ ಕುರೊನುಮಾ ದೊರೆ ಹೀಗೆ ಡಂಗುರ ಹೊಡೆಸಿದ. ತಲೆ ಕಡಿಯುವುದನ್ನು ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಬಂದವನ ಕೈಯನ್ನು ಒಗಟು ಕೇಳುವ ಮುಂಚೆಯೇ ಬೆನ್ನಹಿಂದೆ ಕಟ್ಟುವುದು ಆ ಕೋಟೆಯ ಪದ್ಧತಿ. ಸಮಯ ಉಳಿಯುತ್ತಿತ್ತು.

ಮೊದಲು ಬಂದವನು ಒಬ್ಬ ಸಮುರಾಯ್.

"ಯಾರೂ ಕಲಿಸದೆ, ತಾಯ ಹೊಟ್ಟೆಯಿಂದಲೇ ಜೊತೆಗೆ ಬಂದದ್ದೇನು?"

"ಶೌರ್ಯ, ಪ್ರಭು."

ಅವನ ತಲೆಗೆ ಮೂರು ಏಟು ಬೇಕಾಯಿತು. ಆತ ಅಲುಗಾಡಿದನೆಂದು ದೊರೆ ದೂರಿದ.

ಆಮೇಲೆ ಬಂದ ಪಂಡಿತ "ಉಮಾರೆತ್ಸುಕಿ, ಹುಟ್ಟುಗುಣ" ಎಂದು ಸರಿಯಾಗಿ ಹೇಳಿದ.

"ಒಳಗೇ ಮಲಗಿರುತ್ತದೆ. ಸಾಕಿದರೆ ಬೆಳೆಯುತ್ತದೆ, ಇಲ್ಲವಾದರೆ ನಮ್ಮೊಂದಿಗೇ ಸಾಯುತ್ತದೆ. ಏನದು?"

"ಹಗೆ."

ಒಂದು ಉತ್ತರ ಸರಿಯಿದ್ದುದಕ್ಕೆ ರಿಯಾಯಿತಿ ಸಿಕ್ಕಿತು. ಎರಡೇ ಏಟು.

ಮೂರನೆಯವನು ಪಲ್ಲಕ್ಕಿ ಹೊರುವ ಯಾಹೇಯಿ. ರಕ್ತ ನೋಡಿ ಅವನು ಮೊದಲ ಒಗಟಿಗೇ ತಪ್ಪಿದ. ಕತ್ತಿ ಮೊಂಡಾಗಿ ಸಾಣೆಗೆ ಹೋಗಿದ್ದರಿಂದ ಇನ್ನೂ ಬದುಕಿದ್ದ. ಅಂಗಳದ ರಕ್ತದ ಮೇಲೆ ಮರಳು ಹರಡುತ್ತಿದ್ದ ಅವನ ತಮ್ಮ ತೋಸುಕೆ ಬುಟ್ಟಿ ಕೆಳಗಿಟ್ಟು ಮಂಡಿಯೂರಿದ.

"ಒಡೆಯಾ, ನನ್ನನ್ನು ಕೇಳಿ. ಗೆದ್ದರೆ ಅಣ್ಣನನ್ನು ಬಿಡಿ. ಕನ್ಯೆ ಬೇಡ."

"ಕತ್ತಿ ಬರುವವರೆಗೆ ಹೊತ್ತು ಹೋಗಬೇಕಲ್ಲ," ಎಂದ ದೊರೆ. ತೋಸುಕೆಯ ಕೈ ಕಟ್ಟಿದರು.

"ಮೊದಲನೆಯದು ಉಮಾರೆತ್ಸುಕಿ. ಆಗಲೇ ಕೇಳಿಸಿಕೊಂಡೆ. ಎರಡನೆಯದು ಸೊಶಿತ್ಸು, ಬೆಳೆಯಬಲ್ಲ ಕಸುವು. ಅಣ್ಣನಿಗೆ ಹಾಡುವ ಕಸುವಿತ್ತು. ನೀವು ಪಲ್ಲಕ್ಕಿಗೆ ಹಚ್ಚಿದಿರಿ."

ಕತ್ತಿ ಬಂತು. ದೊರೆ ಅದನ್ನೆತ್ತಿ ಕೇಳಿದ: "ಯಾವ ಗುರುವೂ ಕೊಡಲಾರದ್ದು ನನ್ನ ಈ ಬಲಗೈಯಲ್ಲಿದೆ. ಏನದು?"

"ಅದಕ್ಕೆ ಸೈನೋ ಅಂತಾರೆ, ಪ್ರತಿಭೆ. ನಿಮ್ಮ ಕೈಯಲ್ಲಿ ಇದೆಯೋ ಇಲ್ಲವೋ, ಗೊತ್ತಿಲ್ಲ."

"ಇಷ್ಟು ತಲೆ ನೋಡಿದ ಮೇಲೂ?"

"ಎಲ್ಲರ ಕೈಯೂ ಕಟ್ಟಿತ್ತಲ್ಲ, ಒಡೆಯಾ."

ಮಂತ್ರಿಗಳು ತಮ್ಮ ಪಾದ ನೋಡಿಕೊಂಡರು.

"ಬಿಚ್ಚಿ ಇವನ ಹಗ್ಗ!" ದೊರೆ ಕೂಗಿದ; ಬಿಚ್ಚಿದೊಡನೆ ಕತ್ತಿ ಬೀಸಿದ. ತೋಸುಕೆ ಪಕ್ಕಕ್ಕೆ ಸರಿದ. ದೊರೆ ಹಸಿ ರಕ್ತದಲ್ಲಿ ಜಾರಿ ತನ್ನ ಕತ್ತಿಯ ಮೇಲೆಯೇ ಬಿದ್ದ. ಮರಳು ಹರಡುವವನು ಆ ಹೊತ್ತು ಬೇರೆ ಕೆಲಸದಲ್ಲಿದ್ದ.

ದೊರೆಮಗಳು ಇತ್ಸು ಕೆಳಗಿಳಿದು ಬಂದು ಅಪ್ಪನನ್ನು ನೋಡಿದಳು. "ಮೂರನೆಯ ಉತ್ತರವೂ ಸರಿ. ಪದ ಅದೇ. ಅದು ಈ ಕೈಯಲ್ಲಿರಲಿಲ್ಲ, ಅಷ್ಟೆ."

ಯಾಹೇಯಿಯನ್ನು ಬಿಟ್ಟರು. ಅರ್ಧ ಸೀಮೆ ತೋಸುಕೆಯದಾಯಿತು.

"ಕನ್ಯೆ ಬೇಡ ಅಂದೆಯಂತೆ?"

"ಮಾವನಿಗೆ ಹೆದರಿ ಹಾಗಂದೆ, ಅಮ್ಮಣ್ಣೀ."