ಮಾಳಿಗೆಯ ಮಣ್ಣು

“ಗುರುಗಳೇ, ಭೂಮಿ ನಮ್ಮನ್ನು ಹೊತ್ತ ತಾಯಿ ಎನ್ನುತ್ತೀರಿ. ಹಾಗಿದ್ದರೆ ಅವಳು ನಡುಗಿ ಮಕ್ಕಳನ್ನೇಕೆ ಕೊಲ್ಲುತ್ತಾಳೆ?”

ಕೇಳಿದವನು ಶಿಷ್ಯ ಚೆನ್ನಮಲ್ಲ. ಹಿಂದಿನ ವರ್ಷದ ಭೂಕಂಪದಲ್ಲಿ ಅವನ ಅಕ್ಕ ಮನೆಯಡಿ ಸಿಕ್ಕಿ ತೀರಿಹೋಗಿದ್ದಳು. ಈ ದಿನ ಬೆಳಗಿನಿಂದ ಆಳುಗಳ ಜೊತೆ ಮಠದ ಮಾಳಿಗೆಯ ಕೆಲಸ ಮಾಡಿ, ಕೈಕಾಲಿನ ಮಣ್ಣು ತೊಳೆದು ಬಂದು ಕುಳಿತಿದ್ದ. ಕೆಲಸದಲ್ಲಿ ಮರೆತಿದ್ದ ದುಃಖ ಕುಳಿತ ಕೂಡಲೇ ಉಕ್ಕಿ ಬಂದಿತ್ತು.

“ಅವಳಿಗೆ ನಿನ್ನ ಅಕ್ಕನ ಹೆಸರೂ ಗೊತ್ತಿಲ್ಲ, ಮಗು. ಸಿಟ್ಟೂ ಇಲ್ಲ. ಕೇಳು,” ಎಂದು ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನದು ಮಣ್ಣಿನ ಮಾಳಿಗೆಯ ಮನೆ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣು. ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುವುದು ಆ ಸೀಮೆಯ ಪದ್ಧತಿ. ಅಜ್ಜ ಹಾಕಿದ್ದ, ಅಪ್ಪ ಹಾಕಿದ್ದ, ಇವನೂ ಹಾಕುತ್ತಿದ್ದ. ಹಾಕುವವರು ಎಲ್ಲರೂ, ತೆಗೆಯುವವರು ಯಾರೂ ಇಲ್ಲ. ಮಾಳಿಗೆ ದಪ್ಪವಾದಷ್ಟೂ ಮನೆತನ ದೊಡ್ಡದು ಎಂದು ಊರು ನಂಬಿತ್ತು. ಹೆಣ್ಣು ಕೊಡಲು ಬಂದವರೂ ವರನ ಮುಖಕ್ಕಿಂತ ಮೊದಲು ಕತ್ತೆತ್ತಿ ಮಾಳಿಗೆ ನೋಡುತ್ತಿದ್ದರು.

ಒಂದು ವರ್ಷ ಮಣ್ಣಿನ ಬುಟ್ಟಿ ಹೊತ್ತು ನಿಂತ ಹೆಂಡತಿ ಹೇಳಿದಳು: “ತೊಲಿ ಬಾಗ್ಯಾವ್ರಿ. ಈ ಸಲ ಹಳೇ ಮಣ್ಣು ತಗದು ಹೊಸಾದು ಹಾಕೂಣು.”

“ನಮ್ಮಪ್ಪ ಹಾಕಿದ ಮಣ್ಣಿಗೆ ಸಲಿಕಿ ಹಚ್ಚಲೇನು? ಇಷ್ಟು ವರ್ಷ ಬೀಳದ್ದು ಈಗ ಬೀಳ್ತದೇನು? ಸುಮ್ನ ಬುಟ್ಟಿ ಕೊಡು.”

ಅವಳು ಕೊಟ್ಟಳು. ಬಾಗಿದ ತೊಲೆಗೆ ಅವನು ಒಂದು ಕಂಬ ಆನಿಸಿದ.

ಅದೇ ಊರಿನ ಕೆಳಗೆ, ಯಾವ ಬಾವಿಯೂ ಮುಟ್ಟದ ಆಳದಲ್ಲಿ, ಬಂಡೆಯೊಳಗೆ ಒಂದು ಬಿರುಕಿತ್ತು. ನೆಲ ನಿಂತಿದೆ ಎಂದು ನಮಗೆ ಕಾಣುತ್ತದೆ, ಅದು ನಿಂತಿಲ್ಲ. ನಾವಿರುವ ನಾಡೆಲ್ಲ ಒಂದೇ ದೊಡ್ಡ ಹಾಸುಬಂಡೆಯ ಮೇಲಿದೆ. ಅದು ವರ್ಷಕ್ಕೆ ಎರಡು ಮೂರು ಬೆರಳಿನಗಲ ಉತ್ತರಕ್ಕೆ ಸರಿಯುತ್ತ, ಅಲ್ಲಿರುವ ಇನ್ನೊಂದು ಹಾಸುಬಂಡೆಯನ್ನು ಒತ್ತುತ್ತಿದೆ. ಆ ಒತ್ತಡ ದೂರದ ಬಿರುಕುಗಳಿಗೂ ತಾಗುತ್ತದೆ. ಬಿರುಕಿನ ಎರಡು ಮಗ್ಗುಲುಗಳು ಜಾರಬೇಕು, ಆದರೆ ಒರಟು ಕಲ್ಲಿಗೆ ಒರಟು ಕಲ್ಲು ಕಚ್ಚಿಕೊಂಡು ಜಾರಲಾಗುವುದಿಲ್ಲ. ಆಗ ಬಂಡೆ ಬಿಲ್ಲಿನಂತೆ ಬಾಗುತ್ತದೆ. ಮೇಲೆ ಬುಟ್ಟಿ ಬುಟ್ಟಿಯಾಗಿ ಮಣ್ಣು ಏರುತ್ತಿದ್ದಷ್ಟು ಕಾಲವೂ ಕೆಳಗೆ ಸದ್ದಿಲ್ಲದೆ ಬಿಗಿ ಏರುತ್ತಿತ್ತು.

ಒಂದು ಬೆಳಗ್ಗೆ ಕಲ್ಲಿನ ಹಿಡಿತ ತಪ್ಪಿತು. ಬಾಗಿದ್ದ ಬಂಡೆ ಜಾರಿ ನೆಟ್ಟಗಾಯಿತು. ನೂರಾರು ವರ್ಷ ಕೂಡಿದ್ದ ಬಿಗಿ ಕೆಲವೇ ಕ್ಷಣಗಳಲ್ಲಿ ಅಲೆಯಾಗಿ ನೆಲದೊಳಗೆ ಹರಿಯಿತು.

ರೈತ ಹೊಲದಲ್ಲಿದ್ದ. ನೆಲ ಅವನನ್ನು ಕೆಡವಿತು. ಎದ್ದು ಮೈ ಕೊಡವಿಕೊಂಡ. ಬಯಲಿನಲ್ಲಿದ್ದವನಿಗೆ ಭೂಮಿ ಮಾಡಿದ್ದು ಅಷ್ಟೇ. ಊರಿಗೆ ಓಡಿ ಬಂದ. ಹುಲ್ಲು ಹೊದಿಸಿದ ಕೊಟ್ಟಿಗೆ ನಿಂತೇ ಇತ್ತು, ಎತ್ತುಗಳು ಹಗ್ಗ ಜಗ್ಗುತ್ತಿದ್ದವು. ಮನೆ ಇರಲಿಲ್ಲ.

ಅವನು ಹುಚ್ಚನಂತೆ ಎರಡು ಕೈಯಲ್ಲಿ ಬಗೆದ. ಮೊದಲು ತಾನು ಹಾಕಿದ ಮಣ್ಣು ಸಿಕ್ಕಿತು. ಅದರ ಕೆಳಗೆ ಅಪ್ಪ ಹಾಕಿದ್ದು. ಅದರ ಕೆಳಗೆ ಅಜ್ಜ ಹಾಕಿದ್ದು. ಹೆಂಡತಿ ಅಜ್ಜನ ಮಣ್ಣಿನ ಕೆಳಗಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನಮಲ್ಲ ಅಳುತ್ತಿದ್ದ. ಅವನ ಅಕ್ಕನ ಮನೆಯದೂ ಮಣ್ಣಿನ ಮಾಳಿಗೆಯೇ. ಒಳಗಿನ ಪಡಸಾಲೆಯಲ್ಲಿ ಮಠದ ಮಕ್ಕಳು ಪಾಠ ಒಪ್ಪಿಸುವ ದನಿ ಕೇಳುತ್ತಿತ್ತು.

ಅವನು ಕಣ್ಣೊರೆಸಿಕೊಂಡು ಕೇಳಿದ: “ಇನ್ನೊಮ್ಮೆ ಯಾವಾಗ ನಡುಗುತ್ತದೆ ಎಂದು ತಿಳಿಯುವುದು ಹೇಗೆ, ಗುರುಗಳೇ?”

ಗುರುಗಳು ಪಡಸಾಲೆಯ ಕಡೆ ನೋಡಿ ಹೇಳಿದರು:

“ಅದು ಯಾರಿಗೂ ತಿಳಿಯದು, ಆದರೆ ಇವತ್ತು ಈ ಮಕ್ಕಳ ತಲೆಯ ಮೇಲೆ ಹೊಸ ಮಣ್ಣು ಹಾಕಿಸಿದೆಯಲ್ಲ, ಹಳೆಯದನ್ನು ತೆಗೆಸಿದೆಯಾ?”